ಹಾಲುಹಲ್ಲಿನ ತೀರ್ಪುಗಾರರು

ಈಗಿನ ಮಕ್ಕಳು ಓದುವುದೇ ಇಲ್ಲ ಎಂದು ಭಾಷಣ ಬಿಗಿಯುವವರು ಜುಲೈಯಲ್ಲಿ ಒಮ್ಮೆ ಕಕ್ಕಿಂಜೆಗೆ ಬರಬೇಕು. ಚಾರ್ಮಾಡಿ ಘಾಟಿಯ ಕಡೆಯಿಂದ ಇಳಿದ ಮಳೆ ರಾತ್ರಿಯಿಡೀ ಹಂಚು ಬಡಿಯುತ್ತಿರುವಾಗ ಇಲ್ಲಿನ ಮಕ್ಕಳು ಅಪ್ಪನ ಮೊಬೈಲಿನಲ್ಲಿ ಜಿಲ್ಲಾಧಿಕಾರಿಗಳ ರಜೆ ಆದೇಶ ಓದುವ ಚಂದ ನೋಡಬೇಕು. ಬೆಳ್ತಂಗಡಿ ತಾಲೂಕು ಸೇರಿದೆಯೋ? ಅಂಗನವಾಡಿಗೆ ಮಾತ್ರವೋ, ಹೈಸ್ಕೂಲಿಗೂ ಉಂಟೋ? ತಾರೀಕು ಈ ವರ್ಷದ್ದೋ, ಯಾರೋ ಪೋಕರಿ ಹೋದ ವರ್ಷದ್ದನ್ನೇ ಪುನಃ ಬಿಟ್ಟದ್ದೋ? ಗ್ರಂಥಸಂಪಾದನೆ ಕಲಿತ ಪಂಡಿತರೂ ಇಷ್ಟು ಸೂಕ್ಷ್ಮವಾಗಿ ಪಾಠ ಪರಿಶೀಲಿಸಲಿಕ್ಕಿಲ್ಲ. ಓದಿ ಮುಗಿಸಿದವರನ್ನು ಯಾರೂ ನೀತಿ ಕೇಳುವುದಿಲ್ಲ, ಸಾರಾಂಶ ಬರೆಸುವುದಿಲ್ಲ. ಓದಿದ್ದೇ ಕುಣಿತ. ಮಕ್ಕಳ ಕೈಗೆ ಮತ ಕೊಟ್ಟರೆ ಬಾಲಸಾಹಿತ್ಯ ಪುರಸ್ಕಾರ ಪ್ರತಿ ಮಳೆಗಾಲವೂ ಡಿಸಿಯವರಿಗೇ.

ಕೊಡುವುದಿಲ್ಲ, ಹಾಗಾಗಿ ಡಿಸಿಯವರು ಬಚಾವಾದರು. ಮಕ್ಕಳ ಪುಸ್ತಕವನ್ನು ದೊಡ್ಡವರು ಬರೆಯುತ್ತಾರೆ, ದೊಡ್ಡವರು ಅಚ್ಚು ಹಾಕುತ್ತಾರೆ, ದೊಡ್ಡವರು ಆರಿಸುತ್ತಾರೆ, ದೊಡ್ಡವರಿಗೆ ದೊಡ್ಡವರೇ ಶಾಲು ಹೊದೆಸುತ್ತಾರೆ. ಮಗುವಿಗೆ ಹಣ್ಣಿನ ಬುಟ್ಟಿ ಹಿಡಿದು ನಿಲ್ಲುವ ಕೆಲಸ. ಆ ಹಣ್ಣು ತಿನ್ನುವುದೂ ದೊಡ್ಡವರೇ.

ಆರಿಸಿದ ಪುಸ್ತಕಗಳ ಮೇಲೆ ನನ್ನ ತಕರಾರಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ ಈ ಪುರಸ್ಕಾರ ಶುರು ಮಾಡಿದ 2010ರಲ್ಲೇ ಕನ್ನಡದ್ದು ನಮ್ಮ ಪಕ್ಕದ ಪುತ್ತೂರಿನ ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ'ಗೆ ಬಂತು. 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'ಗೆ. ಐವತ್ತು ಸಾವಿರ ರೂಪಾಯಿ, ಒಂದು ತಾಮ್ರದ ಫಲಕ. ಪೇಪರಿನಲ್ಲಿ ಫೋಟೊ ಬರುತ್ತದೆ, ಪುಸ್ತಕ ಬರುವುದಿಲ್ಲ. ಪೇಟೆಯ ಅಂಗಡಿಯಲ್ಲಿ ಅಂಥದ್ದೊಂದನ್ನು ಕೇಳಿ ನೋಡಿ.

"ಯಾವ ಕ್ಲಾಸಿದ್ದು?"

"ಕ್ಲಾಸಿದ್ದಲ್ಲ, ಸುಮ್ಮನೆ ಓದ್ಲಿಕ್ಕೆ."

"ಪರೀಕ್ಷೆಗಿಲ್ಲದ್ದನ್ನು ಓದುದೆಂತಕ್ಕೆ ಮಾರಾಯ್ರೆ?"

ಅಂಗಡಿಯವರನ್ನು ಬೈಯಬೇಡಿ. ಅವರ ಗಿರಾಕಿಗಳಾದ ನಾವು ಇಷ್ಟು ವರ್ಷ ಹೇಳಿಕೊಟ್ಟದ್ದನ್ನೇ ಅವರು ಒಪ್ಪಿಸಿದರು.

ಗ್ರಂಥಾಲಯ ಇಲ್ಲವೇ ಎಂದು ಕೇಳಬಹುದು. ಕಟ್ಟುವ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿಯಂತೆ ಗ್ರಂಥಾಲಯ ಕರವನ್ನೂ ಕೊಡುತ್ತೇವೆ. 2020ರ 'ಓದುವ ಬೆಳಕು' ಅಭಿಯಾನದಲ್ಲಿ ಪಂಚಾಯತ್ ಗ್ರಂಥಾಲಯಗಳು ಆರರಿಂದ ಹದಿನೆಂಟರ ಮಕ್ಕಳಿಗೆ ಉಚಿತ ಸದಸ್ಯತ್ವವನ್ನೂ ಕೊಟ್ಟವು. ಒಳ್ಳೆಯ ಕೆಲಸ. ಆದರೂ ಎಷ್ಟೋ ಕಡೆ ಮಕ್ಕಳ ಪುಸ್ತಕದ ಕಪಾಟಿಗೆ ಬೀಗ ಬಿದ್ದಿರುತ್ತದೆ. ಯಾಕೆಂದರೆ ಮಕ್ಕಳು ಮುಟ್ಟಿದರೆ ಹಾಳಾಗುತ್ತದೆ!

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿ ಮಕ್ಕಳಿಗಾಗಿ ಪದ್ಯ ಬರೆದ ಪಂಜೆ ಮಂಗೇಶರಾಯರ ಕಾಲಕ್ಕೆ ಅಕಾಡೆಮಿ ಇರಲಿಲ್ಲ. ಅವರ ತೀರ್ಪುಗಾರರೆಲ್ಲ ಒಂದನೇ ಕ್ಲಾಸಿನವರು. ಪದ್ಯ ಬಾಯಿಗೆ ಹತ್ತಿದರೆ ಪಾಸು, ಹತ್ತದಿದ್ದರೆ ಬರೆದವರು ಶಾಲೆ ಇನ್ಸ್‌ಪೆಕ್ಟರಾದರೂ ನಪಾಸು. ತೀರ್ಪನ್ನು ಮಕ್ಕಳಿಗೇ ಬಿಟ್ಟವರು ಬೇರೆ ಕಡೆಯೂ ಇದ್ದಾರೆ: ಬ್ರಿಟನ್ನಿನಲ್ಲಿ ಮಕ್ಕಳೇ ಓದಿ ಮತ ಹಾಕುವ ಪ್ರಶಸ್ತಿಯೊಂದು 1980ರಿಂದ ಉಂಟು, ಫ್ರಾನ್ಸಿನಲ್ಲಿ 1988ರಿಂದ. ಇಂಥ ಪ್ರಶಸ್ತಿಯ ಮರ್ಮ ಫಲಕದಲ್ಲಿಲ್ಲ. ಮತ ಹಾಕಬೇಕಾದರೆ ನಾಲ್ಕೈದು ಪುಸ್ತಕ ಓದಲೇಬೇಕು, ಓದಿದ ಮೇಲೆ ನನ್ನದೇ ಗೆಲ್ಲಬೇಕೆಂದು ಪಕ್ಕದವನ ಹತ್ತಿರ ಜಗಳ ಕಾಯಬೇಕು. ಪುಸ್ತಕಕ್ಕಾಗಿ ಜಗಳವಾಡಿದ ಹುಡುಗನಿಗೆ ಮತ್ತೆ ಓದಿನ ಮಹತ್ವದ ಕುರಿತು ಉಪನ್ಯಾಸ ಬೇಡ.

ಹಾಗಾಗಿ ನನ್ನದೊಂದು ಸಲಹೆ. ಬರೆದವರ ಐವತ್ತು ಸಾವಿರವನ್ನು ಮುಟ್ಟಬೇಡಿ, ಅದು ಅವರಿಗಿರಲಿ. ಇನ್ನೊಂದು ಐವತ್ತು ಸಾವಿರ ಹಾಕಿ, ನೂರು ರೂಪಾಯಿಯ ಪುಸ್ತಕವಾದರೆ ಐನೂರು ಪ್ರತಿ ಬರುತ್ತದೆ, ಶಾಲೆಗಳಿಗೆ ಹಂಚಿ, ಮಕ್ಕಳೇ ಆರಿಸಲಿ. ತೀರ್ಪುಗಾರರ ಅರ್ಹತೆ ಒಂದೇ: ಹಲ್ಲು ಬಿದ್ದಿರಬೇಕು. ಈಗಿನವರಿಗೂ ಬಿದ್ದಿರುತ್ತದೆ, ಆದರೆ ಪುನಃ ಹುಟ್ಟುವ ಹಲ್ಲಾಗಿರಬೇಕು. ಹತ್ತನೇ ಪುಟಕ್ಕೆ ಬೋರಾದರೆ ಪುಸ್ತಕ ಬಿಸಾಡುವ ಹಕ್ಕು ಅವರಿಗುಂಟು. ಯಾವ ಪ್ರತಿಯ ರಟ್ಟು ಮೊದಲು ಕಿತ್ತುಬಂತೋ, ಯಾವುದರ ಮೇಲೆ ಹಲಸಿನ ಮೇಣ ಹೆಚ್ಚು ಅಂಟಿತೋ ಅದಕ್ಕೆ ಹೆಚ್ಚುವರಿ ಅಂಕ. ಮನೆಯಲ್ಲಿ ಬ್ಯಾರಿ, ತುಳು, ಮಲಯಾಳ ಮಾತಾಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ಇವರು. ತಮ್ಮ ಮನೆಮಾತಿನಲ್ಲಿ ಇನ್ನೊಬ್ಬರಿಗೆ ಹೇಳಿ ನಗಿಸಲಾಗದ ಕಥೆಯನ್ನು ಗೆಲ್ಲಿಸುವ ದಾಕ್ಷಿಣ್ಯ ಅವರಿಗಿಲ್ಲ.

ಇಂಥ ಸಲಹೆ ನಮ್ಮ ಯಾವುದಾದರೂ ಸಮಿತಿಯ ಕೈಗೆ ಸಿಕ್ಕಿದರೆ ಏನಾದೀತು, ಈಗಲೇ ಹೇಳುತ್ತೇನೆ. ಸರ್ವಾನುಮತದಿಂದ ಪಾಸಾಗುತ್ತದೆ. ಪುಟಾಣಿ ತೀರ್ಪುಗಾರರಿಗೆ ಒಂದು ದಿನದ ತರಬೇತಿ ಶಿಬಿರ ಇಡುತ್ತಾರೆ, ವಿಷಯ 'ಸಂತೋಷಕ್ಕಾಗಿ ಓದು: ಸವಾಲುಗಳು'. ಕೊನೆಯಲ್ಲಿ ಹತ್ತು ಅಂಕದ ರಸಪ್ರಶ್ನೆ, ಹಾಜರಿ ಕಡ್ಡಾಯ. ಮತಚೀಟಿಗೆ ಪೋಷಕರ ಸಹಿ, ಮುಖ್ಯೋಪಾಧ್ಯಾಯರ ಸೀಲು. ಸಮಾರಂಭದ ಆಮಂತ್ರಣದಲ್ಲಿ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಎಂದು ಎರಡು ಪುಟ ತುಂಬಿರುತ್ತದೆ.

"ಪುಸ್ತಕ ಆರಿಸಿದ ಮಕ್ಕಳು ಎಲ್ಲಿ?" ಎಂದು ಕೇಳಿದರೆ ಸಂಘಟಕರು ಬೆರಳಿಟ್ಟು ತೋರಿಸುತ್ತಾರೆ: "ಉಂಟಲ್ಲ ಮಾರಾಯ್ರೆ, ಮೊದಲೇ ಹಾಕಿದ್ದೇವೆ. ಪ್ರಾರ್ಥನೆ: ಶಾಲಾ ಮಕ್ಕಳಿಂದ."