ಕನ್ನಡ ಬಲ್ಲ ತಂತ್ರಾಂಶಗಳ ಸನ್ನಿಧಾನಕ್ಕೆ ಒಂದು ಬಹಿರಂಗ ಅರ್ಜಿ

ಇವರಿಗೆ,
ಗಣಕ, ಮೊಬೈಲು ಮತ್ತು ಜಾಲತಾಣಗಳಲ್ಲಿ ಕನ್ನಡವನ್ನು ಮೂಡಿಸುವ, ಹುಡುಕುವ, ತಿದ್ದುವ ಹಾಗೂ ಅನುವಾದಿಸುವ ಸಕಲ ತಂತ್ರಾಂಶ ಮಹಾಶಯರಿಗೆ.

ವಿಷಯ: ತಮ್ಮ ಉಪಕಾರಗಳನ್ನು ಸ್ಮರಿಸುವ ಮತ್ತು ಉಪದ್ರವಗಳನ್ನು ದಾಖಲಿಸುವ ಬಗ್ಗೆ.

ಮಾನ್ಯರೇ,

ಗಣಕಗಳೊಳಗೆ ಎರಡು ಬಗೆಯ ಕನ್ನಡವಿದೆ. ಒಂದು ಕಣ್ಣಿಗೆ ಮಾತ್ರ ಕನ್ನಡ. ಇನ್ನೊಂದು ಒಳಗೂ ಹೊರಗೂ ಕನ್ನಡ. ಮೊದಲನೆಯದು ಆಸ್ಕಿ ಫಾಂಟುಗಳದು. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿ ಮಾಡಿದ ಏರ್ಪಾಡು ಅದು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬೆರಳಚ್ಚಿಸಿದರೆ ಕಡತದಲ್ಲಿ ಉಳಿಯುವುದು ಏಳು ಚಿಹ್ನೆಗಳು: ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀರು ಹೊತ್ತ ಎ, ಬ್ರಿಟಿಷರ ಪೌಂಡು, ಮತ್ತೆ ಗೀರಿನ ಎ, ಜರ್ಮನ್ನರ ಜೋಡಿ ಎಸ್, ಒಂದು ಕ್ಯೂ, ಕೊನೆಗೆ ಮತ್ತೊಂದು ಗೀರಿನ ಎ. ಆ ಫಾಂಟ್ ಇರುವ ಗಣಕದಲ್ಲಿ ಇದು ನಾಡಭಾಷೆ. ಇಲ್ಲದ ಗಣಕದಲ್ಲಿ ವಿದೇಶಿ ವಿನಿಮಯದ ದರಪಟ್ಟಿ.

ಇದನ್ನು ಕಟ್ಟಿದವರ ಮೇಲೆ ಅರ್ಜಿದಾರರಿಗೆ ಸಿಟ್ಟಿಲ್ಲ, ಅವರ ಋಣವಿದೆ. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಂಗ್ಲಿಷ್ ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಹಿಡಿಸಿತು. 1998ರಲ್ಲಿ ಬಂದ ‘ಬರಹ’ ಮನೆಮನೆಯ ಗಣಕಕ್ಕೆ ಕನ್ನಡ ಕಲಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಯ ಟೈಪ್‌ರೈಟರುಗಳಿಗೆ ನಿವೃತ್ತಿ ಕೊಡಿಸಿತು. ಇಷ್ಟು ಆಗದಿದ್ದರೆ ಇಂದಿನ ಅರ್ಜಿಯೂ ಕೈಬರಹದಲ್ಲೇ ಬರಬೇಕಿತ್ತು.

ಎರಡನೆಯ ಕನ್ನಡ ಯೂನಿಕೋಡಿನದು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. ಅಲ್ಲಿ ಕ ಎಂದರೆ ಜಗತ್ತಿನ ಯಾವ ಯಂತ್ರದಲ್ಲಾದರೂ ಕ. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಎಂಬ ಫಾಂಟೂ ಬಂತು. ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅದೇ 2001ರಲ್ಲಿ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ ತನ್ನ ಏಳನೆಯ, ಕಟ್ಟಕಡೆಯ ಆವೃತ್ತಿಯನ್ನು ಕಂಡಿತು. ಅದಕ್ಕೆ ಯೂನಿಕೋಡ್ ಎಂದರೆ ಏನೆಂದು ಗೊತ್ತಿಲ್ಲ. ಆದರೂ ಮದುವೆ ಕರೆಯೋಲೆಯಿಂದ ಪಿಎಚ್.ಡಿ. ಮಹಾಪ್ರಬಂಧದವರೆಗೆ ಎಲ್ಲವನ್ನೂ ಡಿಟಿಪಿ ಅಂಗಡಿಗಳಲ್ಲಿ ಅದು ಇಂದಿಗೂ ಹೆತ್ತುಕೊಡುತ್ತಿದೆ. ತಯಾರಕರೇ ಕೈಬಿಟ್ಟ ತಂತ್ರಾಂಶಕ್ಕೆ ಇಷ್ಟು ನಿಷ್ಠೆ ತೋರಿದ ಭಾಷಿಕರು ವಿರಳ. ಅದರ ಉತ್ತರಾಧಿಕಾರಿ ಇನ್‌ಡಿಸೈನ್ ಕನ್ನಡ ಬಲ್ಲದು, ನಿಜ. ಆದರೆ ಅದಕ್ಕಾಗಿ ಪ್ಯಾರಾಗ್ರಾಫ್ ಆಯ್ಕೆಗಳ ಒಳಕೋಣೆಗೆ ಹೋಗಿ ‘ವರ್ಲ್ಡ್-ರೆಡಿ ಕಂಪೋಸರ್’ ಎಂಬುದನ್ನು ಎಬ್ಬಿಸಬೇಕು. ಎಬ್ಬಿಸದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಜಗತ್ತಿಗೆ ಸಿದ್ಧವಾದದ್ದನ್ನು ಜಗತ್ತಿನಿಂದ ಬಚ್ಚಿಟ್ಟ ಜಾಣತನವನ್ನು ಅರ್ಜಿದಾರರು ತಲೆಬಾಗಿ ಮೆಚ್ಚುತ್ತಾರೆ.

ಪರಿಣಾಮ ಬರೀ ಅಂದಚೆಂದದ್ದಲ್ಲ. ಹಳೆಯ ಫಾಂಟಿನ ಸುತ್ತೋಲೆ ಪಿಡಿಎಫ್ ಆಗಿ ಜಾಲಕ್ಕೆ ಏರಿದರೆ ಅದರೊಳಗಿನ ಒಂದು ಪದವೂ ಹುಡುಕಾಟಕ್ಕೆ ಸಿಗುವುದಿಲ್ಲ. ನಕಲು ಮಾಡಿ ಬೇರೆಡೆ ಅಂಟಿಸಿದರೆ ಮತ್ತದೇ ಪೌಂಡು, ಗೀರಿನ ಎ. ಕಣ್ಣು ಕಾಣದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಅಕ್ಷರಶಃ ಹಾಗೆಯೇ ಓದುತ್ತದೆ. ಅಂಗವಿಕಲರ ಸೌಲಭ್ಯಗಳ ಕುರಿತ ಆದೇಶವೇ ಆ ರೂಪದಲ್ಲಿದ್ದರೆ ಅದು ಯಾರಿಗೆ ಹೊರಟಿತೋ ಅವರೊಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ತಲುಪುತ್ತದೆ. ನುಡಿಯ ಈಚಿನ ಆವೃತ್ತಿಗಳು ಯೂನಿಕೋಡ್ ಬಲ್ಲವು. ಹಳತನ್ನು ಹೊಸದಕ್ಕೆ ಬದಲಿಸುವ ಪರಿವರ್ತಕಗಳೂ ಪುಕ್ಕಟೆ ಸಿಗುತ್ತವೆ. ಹೊರಬಂದದ್ದನ್ನು ಒಮ್ಮೆ ಓದಿನೋಡುವ ಅಭ್ಯಾಸವೊಂದು ಮಾತ್ರ ಜೊತೆಗೆ ಸಿಗಲಿಲ್ಲ.

ಯೂನಿಕೋಡ್ ಮಹಾಶಯರೂ ಇಲ್ಲಿ ನಿರ್ದೋಷಿಗಳಲ್ಲ. ಹಳಗನ್ನಡದ ೞ ವ್ಯವಹಾರದಿಂದ ಬಿಟ್ಟುಹೋಗಿ ಶತಮಾನಗಳಾದ ಮೇಲೆ ಅವರು ಅದನ್ನು ಕರೆದು ಜಾಗ ಕೊಟ್ಟರು, ದೊಡ್ಡ ಮನಸ್ಸು. ಆದರೆ ಅಧಿಕೃತ ಪಟ್ಟಿಯಲ್ಲಿ ಅದರ ಹೆಸರನ್ನು ‘ಕನ್ನಡ ಲೆಟರ್ ಎಫ್‌ಎ’ ಎಂದು ಬರೆದುಕೊಂಡರು. ತಪ್ಪು ತಿಳಿದರೂ ತಿದ್ದುವಂತಿಲ್ಲ, ಒಮ್ಮೆ ಇಟ್ಟ ಹೆಸರನ್ನು ಎಂದೂ ಬದಲಿಸಬಾರದೆಂಬುದು ಅಲ್ಲಿನ ನಿಯಮ. ಸರಿಯಾದದ್ದನ್ನು ಪರ್ಯಾಯ ಹೆಸರೆಂದು ಪಕ್ಕದಲ್ಲಿ ಸೇರಿಸಿದ್ದಾರೆ, ಅಷ್ಟೆ. ಆಧಾರ್ ಕಾರ್ಡಿನಲ್ಲಿ ಹೆಸರು ತಪ್ಪಾದವರಿಗಾದರೂ ತಿದ್ದುಪಡಿ ಅರ್ಜಿಯಿದೆ.

ಇನ್ನು ರ‍್ಯಾಂಕಿನ ಪಾಡು. ರ, ಹಲಂತ, ಯ ಸೇರಿದರೆ ‘ಕಾರ್ಯ’ದಲ್ಲಿರುವಂತೆ ಅರ್ಕಾವೊತ್ತು ಬರಬೇಕೆಂಬುದು ಯಂತ್ರದ ತಿಳಿವಳಿಕೆ. ರಕಾರದ ಕೆಳಗೆ ಯ ಒತ್ತು ಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಧಿಚಿಹ್ನೆ ಇಡಬೇಕು. ಕೆಲವು ತಾಣಗಳು ಕಾಣದ್ದೆಲ್ಲ ಕಸವೆಂದು ಅದನ್ನು ಗುಡಿಸಿಹಾಕುತ್ತವೆ. ಹೀಗೆ ಬರೆದದ್ದೊಂದು ಓದಿದ್ದೊಂದಾಗಿ, ರ‍್ಯಾಂಕ್ ಬಂದವರಿಗೆ ‘ರ್ಯಾಂಕ್’ ಪ್ರಾಪ್ತಿಯಾಗುತ್ತದೆ. ಇದನ್ನು ಮಾಡಿದ ತಂತ್ರಾಂಶಕ್ಕೆ ಎರಡರ ಭೇದ ಗೊತ್ತಿಲ್ಲ. ಗೊತ್ತಿರುವವರನ್ನು ಅದು ಕೇಳಲೂ ಇಲ್ಲ.

ಕನ್ನಡಕ್ಕೆ ಬಿದ್ದಿರುವ ತೆರಿಗೆಯ ವಿಷಯವನ್ನೂ ಎತ್ತಬೇಕು. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ. ಕನ್ನಡದಲ್ಲಿ 70 ಮಾತ್ರ, ಅದರಲ್ಲೂ ಗುಣಿತದ ಕೊಂಬು, ದೀರ್ಘ, ಹಲಂತಗಳಿಗೆಲ್ಲ ಬೇರೆ ಬೇರೆ ಲೆಕ್ಕ. ಯುಟಿಎಫ್-8 ಸಂಕೇತನದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ್ದಕ್ಕೆ ಮೂರು. ಕೃತಕ ಬುದ್ಧಿಮತ್ತೆಯ ಮಾದರಿಗಳು ಪಠ್ಯವನ್ನು ಟೋಕನ್ನುಗಳಾಗಿ ಒಡೆದುಕೊಳ್ಳುವಾಗಲೂ ಕನ್ನಡ ಹೆಚ್ಚು ಚೂರಾಗುತ್ತದೆ, ಬಿಲ್ಲು ಚೂರಿನ ಲೆಕ್ಕದಲ್ಲಿ ಬರುತ್ತದೆ. ಮಾತು ಕಡಿಮೆ ಆಡಿರೆಂದು ಹಿರಿಯರು ಹೇಳಿದ್ದರ ಆರ್ಥಿಕ ಕಾರಣ ಈಗ ತಿಳಿಯಿತು.

ಇಷ್ಟು ದೂರಿದ ಮೇಲೆ ಉಪಕಾರವನ್ನು ಮರೆತರೆ ಅದು ಕೃತಘ್ನತೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಇಂದು ಶಾಲಾ ಮಕ್ಕಳಿಗೂ ಒಂದು ಆಸರೆ. ‘ಗುಬ್ಬಿ’, ‘ನವಿಲು’ ಮುಂತಾದ ಮುಕ್ತ ಫಾಂಟುಗಳನ್ನು ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದು. 2017ರಲ್ಲಿ ಗೂಗಲ್ಲಿನ ಧ್ವನಿ ಬೆರಳಚ್ಚಿಗೆ ಕನ್ನಡ ಸೇರಿದ ಮೇಲೆ, ಕೀಲಿಮಣೆಯನ್ನು ಎಂದೂ ಮುಟ್ಟದ ಅಜ್ಜಿಯರು ಮೊಮ್ಮಕ್ಕಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಉದ್ದುದ್ದ ಬುದ್ಧಿವಾದ ಕಳಿಸುತ್ತಿದ್ದಾರೆ. ಮೊಮ್ಮಕ್ಕಳು ಇದನ್ನು ಉಪದ್ರವದ ಕಾಲಮಿಗೆ ಹಾಕಬಹುದು. ಅರ್ಜಿದಾರರು ಉಪಕಾರದ ಕಾಲಮಿಗೇ ಹಾಕುತ್ತಾರೆ.

ಹೀಗೆ ಕೊಟ್ಟ ಕೈಯೇ ಕಪಾಳಕ್ಕೆ ಹೊಡೆದದ್ದೂ ಉಂಟು. 2021ರ ಜೂನ್‌ನಲ್ಲಿ ‘ಭಾರತದ ಅತಿ ಕುರೂಪ ಭಾಷೆ ಯಾವುದು’ ಎಂಬ ಪ್ರಶ್ನೆಗೆ ಗೂಗಲ್ ಹುಡುಕಾಟ ಕನ್ನಡದ ಹೆಸರು ಹೇಳಿತು. ಯಾವುದೋ ಮೂಲೆಯ ಪುಟದ ಗೊಣಗನ್ನು ಎತ್ತಿ, ಚೌಕಟ್ಟು ಹಾಕಿ, ಉತ್ತರವೆಂದು ತಲೆಯ ಮೇಲೆ ಕೂರಿಸಿತ್ತು. ನಾಡೆಲ್ಲ ಸಿಟ್ಟಾಯಿತು, ಸಂಸ್ಥೆ ಕ್ಷಮೆ ಕೇಳಿತು.

2025ರ ಜುಲೈಯಲ್ಲಿ ಸರದಿ ಮೆಟಾದ್ದು. ಹಿರಿಯ ನಟಿ ಬಿ. ಸರೋಜಾದೇವಿ ಅವರ ನಿಧನಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಕನ್ನಡದಲ್ಲಿ ಸಂತಾಪ ಸೂಚಿಸಿದ್ದರು. ಸ್ವಯಂಚಾಲಿತ ಅನುವಾದ ಅದನ್ನು ಇಂಗ್ಲಿಷಿಗೆ ತಿರುಗಿಸಿ, ಮುಖ್ಯಮಂತ್ರಿಯೇ ತೀರಿಕೊಂಡರೆಂದು ಸಾರಿತು. ಕರ್ತೃ ಯಾರು, ಕ್ರಿಯೆ ಯಾರದು ಎಂಬುದು ಏಳನೆಯ ತರಗತಿಯ ವ್ಯಾಕರಣ. ಮುಖ್ಯಮಂತ್ರಿಯ ಕಚೇರಿ ಪತ್ರ ಬರೆದು, ಅನುವಾದ ವಿಶ್ವಾಸಾರ್ಹವಾಗುವವರೆಗೆ ಕನ್ನಡಕ್ಕೆ ಆ ಸೌಲಭ್ಯವನ್ನು ನಿಲ್ಲಿಸಿರೆಂದಿತು. ಮೆಟಾ ಕ್ಷಮೆ ಕೇಳಿ ದೋಷ ಸರಿಪಡಿಸಿದ್ದಾಗಿ ಹೇಳಿತು. ಬದುಕಿದ್ದೇನೆಂದು ಸಾಬೀತುಪಡಿಸಲು ವರ್ಷವರ್ಷವೂ ಜೀವಿತ ಪ್ರಮಾಣಪತ್ರ ಹೊತ್ತು ತಿರುಗುವ ಪಿಂಚಣಿದಾರರಿಗೆ ಅಂದು ಮುಖ್ಯಮಂತ್ರಿಯ ಮೇಲೆ ವಿಶೇಷ ಸಹಾನುಭೂತಿ ಮೂಡಿದ್ದರೆ ಆಶ್ಚರ್ಯವಿಲ್ಲ.

ಈ ಎರಡು ಪ್ರಸಂಗಗಳಲ್ಲೂ ಯಂತ್ರ ತನಗೆ ಹೇಳಿದ ಕೆಲಸವನ್ನೇ ಮಾಡಿತು. ಪ್ರಕಟವಾಗುವ ಮೊದಲು ಕನ್ನಡ ಬಲ್ಲ ಒಂದು ಜೊತೆ ಕಣ್ಣೂ ಅದರ ಮೇಲೆ ಆಡಿರಲಿಲ್ಲ. ಫಾಂಟಿನ ಸುತ್ತೋಲೆಯಲ್ಲಿ, ರ‍್ಯಾಂಕಿನಲ್ಲಿ, ೞಕಾರದ ಹೆಸರಿನಲ್ಲಿ ಆಗಿರುವುದೂ ಇದೇ.

ಆದ್ದರಿಂದ ತಮ್ಮಲ್ಲಿ ವಿನಂತಿ: ಕನ್ನಡದ ಯಾವುದೇ ಸೌಲಭ್ಯವನ್ನು ಬಿಡುಗಡೆ ಮಾಡುವ ಮುನ್ನ ಕನ್ನಡ ಓದುವ ಒಬ್ಬರಿಗೆ ಸಂಬಳ ಕೊಟ್ಟು ಓದಿಸಬೇಕು. ಕಚೇರಿಗಳು ಸುತ್ತೋಲೆಗಳನ್ನು ಯೂನಿಕೋಡಿನಲ್ಲೇ ಹೊರಡಿಸಬೇಕು. ಓದುಗರಾದರೂ ತಪ್ಪು ಕಂಡಲ್ಲಿ ನಕ್ಕು ಸ್ಕ್ರೀನ್‌ಶಾಟ್ ಹಂಚಿ ಸುಮ್ಮನಾಗದೆ, ಕೆಳಗಿರುವ ದೂರಿನ ಗುಂಡಿಯನ್ನು ಒಮ್ಮೆ ಒತ್ತಬೇಕು. ಆ ಗುಂಡಿಯ ಮೇಲಿನ ಬರಹವೂ ಕನ್ನಡದಲ್ಲಿದ್ದರೆ ಇನ್ನೂ ಅನುಕೂಲ.

ಇತಿ ತಮ್ಮ ವಿಶ್ವಾಸಿಗಳು,
ಕನ್ನಡದಲ್ಲಿ ಬೆರಳಚ್ಚಿಸುವ ಸಮಸ್ತರು