ರಾತ್ರಿ ಪಾಳಿಯ ಗಿಡ

ನಮ್ಮ ಮನೆಯಲ್ಲಿ ನೀರು ಚೆಲ್ಲುವುದು ಮಹಾಪಾಪಗಳ ಪಟ್ಟಿಗೆ ಸೇರಿದ್ದು 2024ರ ಮಾರ್ಚಿನಲ್ಲಿ. ಬೆಂಗಳೂರಿನ ಆ ಬೇಸಿಗೆ ನಿಮಗೂ ನೆನಪಿರಬೇಕು. ಬೋರ್‌ವೆಲ್ಲುಗಳು ಒಂದೊಂದಾಗಿ ಕೆಮ್ಮಿ ಸುಮ್ಮನಾದವು. ಟ್ಯಾಂಕರಿನವರು ಫೋನ್ ಎತ್ತುವುದನ್ನೇ ಬಿಟ್ಟರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನಮಗೆ ಕಾರಿಲ್ಲ. ಕೈತೋಟವೂ ಇಲ್ಲ. ಇದ್ದದ್ದು ಬಾಲ್ಕನಿಯಲ್ಲಿ ಒಂದೇ ಒಂದು ಗಿಡ.

ಮಳೆ ಬಂತು, ಬೇಸಿಗೆ ಹೋಯಿತು, ಊರು ಆ ಆದೇಶವನ್ನು ಮರೆಯಿತು. ನನ್ನಾಕೆ ಮರೆಯಲಿಲ್ಲ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಮೊಸರಿನ ಪಾತ್ರೆ ಗಲಬರಿಸಿದ ನೀರು, ಆರ್‌ಒ ಯಂತ್ರ ಹಿಂದಿನ ಕೊಳವೆಯಿಂದ ಕಾರುವ ನೀರು ಇವ್ಯಾವೂ ಸಿಂಕಿಗೆ ಹೋಗಕೂಡದು. ಎಲ್ಲಕ್ಕೂ ಸದ್ಗತಿ ಆ ಒಂದೇ ಗಿಡದ ಬುಡದಲ್ಲಿ. ಗಿಡ ಯಾವುದು ಅಂದರೆ ಜೇಡ್. ಎಲೆಯಲ್ಲೂ ಕಾಂಡದಲ್ಲೂ ನೀರು ಕೂಡಿಟ್ಟುಕೊಂಡು, ‘ನನ್ನ ಪಾಡಿಗೆ ನನ್ನ ಬಿಡಿ’ ಎಂದು ಕೂರುವ ಜಾತಿ. ಬುಡದಲ್ಲಿ ತೇವ ನಿಂತರೆ ಬೇರು ಕೊಳೆಯುತ್ತದೆ. ಹನಿ ನೀರನ್ನೂ ದಾನ ಮಾಡಲು ಹೊರಟ ಮನೆಗೆ, ದಾನ ಬೇಡವೆನ್ನುವ ಗಿಡವೇ ಬಂದು ಸೇರಬೇಕೆ?

ಬಂದದ್ದು ಕೆ.ಆರ್. ಪುರದಿಂದ. ತೂಗುಸೇತುವೆಯ ಆಚೆ ನನ್ನ ಷಡ್ಡಕ ಹೊಸ ಫ್ಲ್ಯಾಟ್ ಕೊಂಡ. ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಬಂದವರಿಗೆಲ್ಲ ಒಂದೊಂದು ಜೇಡ್ ಕೊಟ್ಟ. ಹಿಂದೆಲ್ಲ ಸ್ಟೀಲ್ ಲೋಟ ಕೊಡುತ್ತಿದ್ದರು. ಲೋಟಕ್ಕೆ ಬಿಸಿಲು ಸಾಕೋ ಇಲ್ಲವೋ ಎಂದು ಯಾರೂ ನಿದ್ದೆಗೆಟ್ಟಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ಮೆಟ್ರೋ ಕೊಂಡಿ ಬೆಸೆದಿತ್ತಲ್ಲ, ಇಂದಿರಾನಗರದವರೆಗೆ ಗಿಡ ನನ್ನ ತೊಡೆಯ ಮೇಲೆ ಕೂತು ಬಂತು. ಎದುರು ಸೀಟಿನ ಹುಡುಗಿ ಅದರ ಫೋಟೋ ತೆಗೆದಳು. ನನ್ನ ಮುಖ ಬರದ ಹಾಗೆ ಫೋನನ್ನು ಸ್ವಲ್ಪ ತಗ್ಗಿಸಿಕೊಂಡಳು.

ನಮ್ಮ ಮನೆ ಇರುವುದು ಹಲಸೂರಿನ ಆಚೆ, ಇಂದಿರಾನಗರದ ಈಚೆ. ಬಾಡಿಗೆ ಕೇಳುವಾಗ ಮಾಲೀಕರು ಇಂದಿರಾನಗರ ಅನ್ನುತ್ತಾರೆ, ರಿಪೇರಿ ಕೇಳಿದಾಗ ಹಲಸೂರು ಅನ್ನುತ್ತಾರೆ. ಇಂಥ ಮನೆಯಲ್ಲಿ ಸಂಪತ್ತು ತರುತ್ತದೆನ್ನುವ ಈ ಗಿಡ ಎಲ್ಲಿಡಬೇಕೆಂಬ ಪ್ರಶ್ನೆ ಎದ್ದಿತು. ಫೆಂಗ್‌ಶುಯಿ ಪ್ರಕಾರ ಸಂಪತ್ತಿನ ಮೂಲೆ ಆಗ್ನೇಯ ಎಂದು ಮಗಳು ಫೋನ್ ನೋಡಿ ಹೇಳಿದಳು. ಕುಬೇರನ ದಿಕ್ಕು ಉತ್ತರ, ಅದು ಚಿಕ್ಕ ಮಕ್ಕಳಿಗೂ ಗೊತ್ತು ಅಂದರು ಅಮ್ಮ. ನಮ್ಮ ಆಗ್ನೇಯದಲ್ಲಿ ಗ್ಯಾಸ್ ಸಿಲಿಂಡರ್ ಇದೆ, ಉತ್ತರದಲ್ಲಿ ಪಕ್ಕದ ಮನೆಯ ಗೋಡೆ ಇದೆ. ದಿನಕ್ಕೆ ನಾಲ್ಕು ಗಂಟೆಯಾದರೂ ಬಿಸಿಲು ಬೀಳದಿದ್ದರೆ ಈ ಗಿಡ ಬೆಳಕು ಹುಡುಕುತ್ತ ಬಳ್ಳಿಯ ಹಾಗೆ ಸೊರಗಿ ಉದ್ದವಾಗುತ್ತದೆ. ಬಿಸಿಲು ಬೀಳುವುದು ಪಶ್ಚಿಮದ ಬಾಲ್ಕನಿಗೆ ಮಾತ್ರ, ಒಗೆದ ಬಟ್ಟೆಗಳ ನಡುವೆ. ಸಂಪತ್ತಿನ ಗಿಡವನ್ನು ಅಲ್ಲಿಟ್ಟೆವು. ಸಂಪತ್ತು ಬರುವುದಾದರೆ ಬಟ್ಟೆ ಸರಿಸಿಕೊಂಡು ಬರಲಿ.

ಇನ್ನು ಕುಂಡದ ಕತೆ. ಷಡ್ಡಕ ಕೊಟ್ಟದ್ದು ನುಣ್ಣನೆಯ ಬಿಳಿ ಪಿಂಗಾಣಿ ಕುಂಡ. ನೋಡಲು ಚೆಂದ, ತಳದಲ್ಲಿ ತೂತಿಲ್ಲ. ಬಿದ್ದ ಅಕ್ಕಿ ನೀರೆಲ್ಲ ಅಲ್ಲೇ ನಿಂತು, ಬುಡದ ಎಲೆಗಳು ಹಳದಿಯಾಗಿ ಮೆತ್ತಗಾಗಿ ಮುಟ್ಟಿದರೆ ಉದುರತೊಡಗಿದವು. ಇಂಥದ್ದಕ್ಕೆ ಮಣ್ಣಿನ ಕುಂಡವೇ ಸರಿ, ಅದರ ಮೈಯಿಂದಲೂ ತೇವ ಆರುತ್ತದೆ. ದಂಡು ಪ್ರದೇಶದವರಿಗೆ ಮಣ್ಣಿನ ಕುಂಡ ಅಂದರೆ ಪಾಟರಿ ಟೌನ್. ಗಣಪತಿ, ಹಣತೆ, ಹೂಜಿ, ಕುಂಡ ಎಲ್ಲವೂ ಕುಂಬಾರರ ಮನೆ ಬಾಗಿಲಲ್ಲೇ ಸಾಲಾಗಿ ಕೂತಿರುತ್ತವೆ. ಶಿವಾಜಿನಗರದಲ್ಲಿ ಬಸ್ಸಿಳಿದು ನಡೆದೇ ಹೋದೆ. ಕುಂಡ ತೋರಿಸಿದ ಅಜ್ಜ, “ತೂತು ಬೇಕಾ ಸ್ವಾಮಿ, ಬೇಡ್ವಾ?” ಅಂದರು. ತೂತಿಲ್ಲದ್ದನ್ನೂ ಯಾರಾದರೂ ಕೊಳ್ಳುತ್ತಾರೆಯೇ ಎಂದು ಕೇಳಿದೆ. “ತೂತು ಇದ್ರೆ ನೆಲ ಗಲೀಜಾಗುತ್ತೆ ಅಂತಾರೆ. ಆಮೇಲೆ ಗಿಡ ಸತ್ತೋಯ್ತು ಅಂತ ಇನ್ನೊಂದು ಕುಂಡಕ್ಕೆ ಬರ್ತಾರೆ. ನಮ್ಗೇನು, ವ್ಯಾಪಾರ” ಅಂದರು. ಎರಡು ತೂತಿರುವುದನ್ನು ಆರಿಸಿಕೊಂಡೆ.

ನಮ್ಮೂರಿನ ಕೆಮ್ಮಣ್ಣೊಂದನ್ನೇ ತುಂಬಿದರೆ ನೀರು ಬಿದ್ದು ಗಟ್ಟಿಯಾಗುತ್ತದೆ. ಅದಕ್ಕೆ ಅರ್ಧಕ್ಕರ್ಧ ದಪ್ಪ ಮರಳು, ಇಟ್ಟಿಗೆ ಚೂರು ಬೆರೆಸಬೇಕು. ರಸ್ತೆಯಾಚೆ ಕಟ್ಟುತ್ತಿದ್ದ ಮನೆಯ ಮೇಸ್ತ್ರಿಯನ್ನು ಒಂದು ಬಾಂಡ್ಲಿ ಎಂ-ಸ್ಯಾಂಡ್ ಕೇಳಿದೆ. ಮನೆಗೆ ಇನ್ನೊಂದು ಅಂತಸ್ತು ಎಬ್ಬಿಸುತ್ತೀರಾ ಎಂದ. ಅದರ ಧೂಳು ಹೋಗುವವರೆಗೆ ತೊಳೆಯಬೇಕಾಯಿತು. ತೊಳೆದ ನೀರನ್ನು ಎಲ್ಲಿ ಚೆಲ್ಲಿದೆ ಎಂದು ದಯವಿಟ್ಟು ನನ್ನಾಕೆಯ ಎದುರು ಕೇಳಬೇಡಿ.

ಹೊಸ ಕುಂಡದಲ್ಲಿ ಗಿಡ ಚಿಗುರಿತು. ಹಲಸೂರು ಕೆರೆಯ ಸುತ್ತ ಬೆಳಿಗ್ಗೆ ನಡೆಯಲು ಬರುವ ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರಿಗೆ ಹೆಮ್ಮೆಯಿಂದ ಫೋಟೋ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, “ಇದು ಆನೆ ಮೇವು” ಅಂದರು.

ನಿಜವಾದ ಜೇಡ್ ಎಂದರೆ ಕ್ರಾಸುಲಾ ಓವಾಟಾ ಅಂತೆ. ಅದರ ಎಲೆ ದೊಡ್ಡದು, ದಪ್ಪ. ನಮ್ಮ ನರ್ಸರಿಗಳಲ್ಲಿ ಜೇಡ್ ಎಂದು ಮಾರುವುದು ಬಹುಮಟ್ಟಿಗೆ ಪೋರ್ಚುಲಕೇರಿಯಾ ಆಫ್ರಾ: ಸಣ್ಣ ದುಂಡೆಲೆ, ಕೆಂಪು ಬಣ್ಣದ ಎಳೆಕಾಂಡ. ಎರಡರದ್ದೂ ತವರು ದಕ್ಷಿಣ ಆಫ್ರಿಕಾ, ಆದರೆ ಕುಲ ಬೇರೆ ಬೇರೆ. ಅಲ್ಲಿನ ಆಡ್ಡೊ ರಾಷ್ಟ್ರೀಯ ಉದ್ಯಾನದಲ್ಲಿ ಆನೆಗಳು ಈ ಎರಡನೆಯದನ್ನು ಪೊದೆಪೊದೆಯಾಗಿ ಮೇಯುತ್ತವೆ. ನಮ್ಮ ಕುಬೇರ ಒಂದೇ ಮಾತಿಗೆ ಕೊಟ್ಟಿಗೆಗೆ ಇಳಿದ.

ನಾನು ಸಪ್ಪೆ ಮುಖ ಮಾಡಿಕೊಂಡು ಮನೆಯಲ್ಲಿ ವಿಷಯ ಹೇಳಿದರೆ ಅಮ್ಮನ ಮುಖ ಅರಳಿತು. “ಆನೆ ತಿನ್ನೋದು ಅಂದ್ರೆ ಗಣಪತಿಗೂ ಆಗುತ್ತೆ ಬಿಡೋ.” ಮರುದಿನದಿಂದ ಗರಿಕೆಯ ಜೊತೆ ನಾಲ್ಕು ಜೇಡ್ ಎಲೆ ದೇವರ ಮನೆಗೆ ಹೋಗತೊಡಗಿತು. ಅಭಿಷೇಕದ ನೀರು ಎಲ್ಲಿಗೆ ಬರತೊಡಗಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೇಷ್ಟ್ರು ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಬೆಂಜಮಿನ್ ಹೈನ್ ಎಂಬ ಜರ್ಮನ್ ವೈದ್ಯನ ಕತೆಯನ್ನೂ ಹೇಳಿದರು. ಈತ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ. ಟಿಪ್ಪು ಮಡಿದ ಮೇಲೆ, ನಮ್ಮ ದಂಡು ಪ್ರದೇಶ ಇನ್ನೂ ಹುಟ್ಟುವ ಮೊದಲು, ಲಾಲ್‌ಬಾಗಿನ ಉಸ್ತುವಾರಿಯಲ್ಲಿದ್ದವನು. ಅವನು ಕಾಡುಬಸಳೆಯ ಎಲೆಯ ರುಚಿ ಗಮನಿಸಿದ. ಬೆಳಿಗ್ಗೆ ತಿಂದರೆ ಹುಳಿ, ಮಧ್ಯಾಹ್ನ ಅದೇ ಎಲೆ ಸಪ್ಪೆ, ಸಂಜೆಗೆ ಒಂದಿಷ್ಟು ಕಹಿ. ಇದನ್ನು 1813ರಲ್ಲಿ ಇಂಗ್ಲೆಂಡಿನ ಸಸ್ಯತಜ್ಞ ಲ್ಯಾಂಬರ್ಟ್‌ಗೆ ಪತ್ರ ಬರೆದು ತಿಳಿಸಿದ. ಲಿನ್ನಿಯನ್ ಸೊಸೈಟಿಯವರು ಅಚ್ಚು ಹಾಕಿಸಿದರು. ಕಾರಣ ಪೂರ್ತಿ ತಿಳಿಯಲು ವಿಜ್ಞಾನಕ್ಕೆ ಇನ್ನೂ ನೂರು ವರ್ಷಕ್ಕೂ ಮೇಲೆ ಬೇಕಾಯಿತು.

ಕಾರಣ ಇಷ್ಟು. ಉಳಿದ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುತ್ತವೆ, ಆಗ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಬರದ ಸೀಮೆಯಲ್ಲಿ ಬೆಳೆದ ಈ ದಪ್ಪೆಲೆಯ ಜಾತಿಗಳು ಹಗಲು ಬಾಗಿಲು ಹಾಕಿಕೊಂಡು ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತವೆ. ರಾತ್ರಿ ಒಳಗೆ ತಂದ ಇಂಗಾಲದ ಡೈ ಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ದಾಸ್ತಾನು ಮಾಡುತ್ತವೆ. ಸೇಬಿನಲ್ಲಿರುವುದೂ ಅದೇ ಹುಳಿ. ಬಿಸಿಲೇರಿದಂತೆ ದಾಸ್ತಾನು ಖರ್ಚಾಗಿ ಎಲೆ ಸಪ್ಪೆಯಾಗುತ್ತದೆ. ನಿಜವಾದ ಜೇಡ್ ಸೇರಿರುವ ಕ್ರಾಸುಲೇಸೀ ಕುಟುಂಬದ ಹೆಸರನ್ನೇ ಈ ಪದ್ಧತಿಗೆ ಇಟ್ಟಿದ್ದಾರೆ. ಪೂರ್ವ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದ ನನಗೆ ಗಿಡದ ಮೇಲೆ ಸೋದರಭಾವ ಉಕ್ಕಿತು. ನಾನೂ ಬೆಳಿಗ್ಗೆ ಮನೆಗೆ ಬಂದಾಗ ಹುಳಿಯಾಗಿಯೇ ಇರುತ್ತಿದ್ದೆನೆಂದು ನನ್ನಾಕೆ ಸಾಕ್ಷಿ ಹೇಳಿದಳು.

ಆದರೆ ನಮ್ಮ ಆನೆ ಮೇವಿನಲ್ಲಿ ಇನ್ನೊಂದು ಗುಟ್ಟಿದೆ ಅಂದರು ಮೇಷ್ಟ್ರು. ಇದಕ್ಕೆ ರಾತ್ರಿ ಪಾಳಿ ಕಾಯಂ ಅಲ್ಲ. ನೀರು ಧಾರಾಳವಾಗಿ ಸಿಕ್ಕರೆ ಹಗಲು ಪಾಳಿಗೆ ವಾಲುತ್ತದೆ. ನೀರು ಬತ್ತಿದಂತೆ ರಾತ್ರಿಗೆ ಬದಲಾಯಿಸಿಕೊಳ್ಳುತ್ತದೆ. ನನ್ನ ತಲೆಯಲ್ಲಿ ದೀಪ ಹತ್ತಿತು. ಹಾಗಾದರೆ ಬೆಳಗಿನ ಎಲೆ ಹುಳಿಯಿದ್ದರೆ ಯಾರೂ ನೀರು ಹಾಕಿಲ್ಲ; ಸಪ್ಪೆಯಿದ್ದರೆ ಯಾರೋ ಹಾಕಿದ್ದಾರೆ. “ನಾನು ಹಾಕಲೇ ಇಲ್ಲಪ್ಪ” ಅನ್ನುವವರ ನಡುವೆ ಸಂಸಾರ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಪತ್ತೇದಾರಿ ಯಂತ್ರ ಬೇಕೆ? ಆನೆ ಮೇವನ್ನು ಆಫ್ರಿಕಾದಲ್ಲಿ ಮನುಷ್ಯರೂ ತಿನ್ನುತ್ತಾರೆ, ಭಯವಿಲ್ಲ. ನಿಮ್ಮ ಮನೆಯಲ್ಲಿರುವುದು ದೊಡ್ಡೆಲೆಯ ಕ್ರಾಸುಲಾ ಆದರೆ ಮಾತ್ರ ಈ ತನಿಖೆಗೆ ಇಳಿಯಬೇಡಿ. ನಾಯಿ ಬೆಕ್ಕುಗಳಿಗೂ ಅದು ಆಗಿಬರುವುದಿಲ್ಲ.

ಬೆಳಿಗ್ಗೆ ಆರಕ್ಕೆ, ಕಾಫಿಗೆ ಮೊದಲು, ಬನಿಯನ್ನಿನಲ್ಲಿ ಬಾಲ್ಕನಿಗೆ ಹೋಗಿ ಒಂದೆಲೆ ಕಿತ್ತು, ಕಣ್ಣು ಮುಚ್ಚಿ ಅಗಿಯುವುದು, ಸಂಜೆ ಮತ್ತೊಂದು. ಎದುರು ಮನೆಯ ಮಾಮಿ ಮೊದಲು ಇದು ಸಕ್ಕರೆ ಕಾಯಿಲೆಗೆ ಮದ್ದು ಎಂದುಕೊಂಡು ತಮಗೂ ಒಂದು ರೆಂಬೆ ಕೇಳಿದರು. ಕೊಟ್ಟೆ. ತುದಿ ಎರಡು ಮೂರು ದಿನ ಒಣಗಿದ ಮೇಲೆ ನೆಡಿ, ಕೂಡಲೇ ನೆಟ್ಟರೆ ಕೊಳೆಯುತ್ತೆ ಎಂದೂ ಹೇಳಿದೆ. ಆಮೇಲೆ ನನ್ನಾಕೆ ಅವರಿಗೆ ನಿಜಸಂಗತಿ ತಿಳಿಸಿರಬೇಕು. ಈಗ ಮಾಮಿ ನನ್ನ ಜೊತೆ ತುಂಬ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಮಾತಾಡುತ್ತಾರೆ.

ತನಿಖೆ ಫಲ ಕೊಟ್ಟಿತು. ಅತ್ತೆ ಸೊಸೆ ಇಬ್ಬರೂ ಮೈಸೂರಿಗೆ ಮದುವೆಗೆ ಹೋಗಿದ್ದಾಗ ಬೆಳಗಿನ ಎಲೆ ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಯಿತು. ಅವರು ವಾಪಸು ಬಂದ ವಾರದಲ್ಲೇ ಸಪ್ಪೆ. ಊಟದ ಹೊತ್ತಿಗೆ ವರದಿ ಮಂಡಿಸಿದೆ. ಅಮ್ಮ ಅಭಿಷೇಕದ ನೀರು ನೀರಲ್ಲ, ತೀರ್ಥ ಅಂದರು. ಮಗಳು ತಾನು ಹಾಕಿದ್ದು ನೀರಲ್ಲ, ಕಾಫಿ ಚರಟ ತೊಳೆದ ಗೊಬ್ಬರ ಅಂದಳು. ಮನೆಗೆಲಸಕ್ಕೆ ಬರುವ ಅಕ್ಕ, ಬಾಲ್ಕನಿ ಒರೆಸಿದ ಬಕೆಟ್ಟನ್ನು ಮತ್ತೆಲ್ಲಿ ಬಗ್ಗಿಸಲಿ ಎಂದು ನನ್ನನ್ನೇ ಕೇಳಿದರು. ಇವರೆಲ್ಲರ ಮೇಲೆ ಸೆಪ್ಟೆಂಬರಿನ ಇರಚಲು ಮಳೆ ಬೇರೆ. ಅದನ್ನು ಕರೆದು ವಿಚಾರಿಸುವ ಹಾಗಿಲ್ಲ.

ನನ್ನಾಕೆ ಮಾತ್ರ ಏನೂ ಹೇಳದೆ ಬಾಲ್ಕನಿಗೆ ಹೋಗಿ, ತಾನೂ ಒಂದೆಲೆ ಬಾಯಿಗೆ ಹಾಕಿಕೊಂಡಳು. “ಇದು ಗೋಣಿಸೊಪ್ಪಿನ ಥರಾನೇ ಇದೆಯಲ್ರೀ” ಅಂದಳು. ಹೌದು, ಪೋರ್ಚುಲಕೇರಿಯಾ ಎಂಬ ಹೆಸರು ಬಂದದ್ದೇ ಗೋಣಿಸೊಪ್ಪನ್ನು ಹೋಲುವುದರಿಂದ ಎಂದು ಮೇಷ್ಟ್ರ ಪಾಠ ಒಪ್ಪಿಸತೊಡಗಿದೆ. ಅವಳು ಕೇಳಿಸಿಕೊಳ್ಳಲಿಲ್ಲ. “ನೀರು ಹಾಕದಿದ್ರೆ ಹುಳಿ ಜಾಸ್ತಿ ಆಗುತ್ತೆ ಅಂದ್ರಿ, ಅಲ್ವಾ?”

ಮಾರನೆಯ ದಿನ ತೂತಿಲ್ಲದ ಬಿಳಿ ಪಿಂಗಾಣಿ ಕುಂಡದಲ್ಲಿ ಕೆಸುವಿನ ಗೆಡ್ಡೆ ಊರಿತ್ತು. ಕೆಸುವಿಗೆ ಕಾಲು ನೀರಲ್ಲಿದ್ದಷ್ಟೂ ಸಂತೋಷ. ಅಕ್ಕಿ ನೀರು, ತೀರ್ಥ, ಚರಟ, ಬಕೆಟ್ಟು ಎಲ್ಲವೂ ಅತ್ತ ತಿರುಗಿದವು. ಜೇಡಿನ ಸುತ್ತ ಯಾರೂ ಸುಳಿಯಕೂಡದೆಂದು ಕಟ್ಟಪ್ಪಣೆಯಾಯಿತು. ಗಿಡ ದಪ್ಪವಾಗಿ, ತುದಿಯ ಎಲೆಗಳ ಅಂಚು ಬಿಸಿಲಿಗೆ ಕೆಂಪೇರಿ, ರೆಂಬೆ ಸವರಲೇಬೇಕಾದಷ್ಟು ಬೆಳೆಯಿತು. ನನ್ನ ಪತ್ತೇದಾರಿಕೆಗೆ ಸಂದ ಜಯ ಎಂದು ಎದೆಯುಬ್ಬಿಸಿ ಓಡಾಡುತ್ತಿದ್ದೆ. ನಿನ್ನೆ ರಾತ್ರಿ ಅಡುಗೆಮನೆಯಿಂದ ಕೂಗು ಬಂತು.

“ರೀ, ನಾಳೆ ಮಸ್ಸೊಪ್ಪಿಗೆ ಜೇಡ್ ಹಾಕ್ತೀನಿ. ಹೇಗೂ ಆರು ಗಂಟೆಗೆ ಏಳ್ತೀರಲ್ಲ, ಬಿಸಿಲು ಬರೋದರೊಳಗೆ ಎರಡು ಹಿಡಿ ಕಿತ್ತಿಡಿ. ತಡ ಮಾಡಿದ್ರೆ ಸಪ್ಪೆಯಾಗುತ್ತೆ, ಆಮೇಲೆ ಹುಣಸೇಹಣ್ಣು ದಂಡ.”