ಶಾತೋ ಕ್ರಯ ಮೀಮಾಂಸೆ

ಪೀಠಿಕೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು, ಇವೆರಡನ್ನೂ ಒಟ್ಟಿಗೆ, ಅದೂ ಪ್ರತಿ ಶನಿವಾರ, ಮಾಡುವ ಜೀವಿಯೊಂದು ಇದ್ದೀತೆಂದು ಊಹಿಸಿರಲಾರರು. ಫ್ರಾನ್ಸಿನಲ್ಲಿ ಹಳೆಯ ಶಾತೋ ಕೊಂಡು, ಅದನ್ನು ಹೋಟೆಲಾಗಿಯೂ ಮದುವೆ ಛತ್ರವಾಗಿಯೂ ನಡೆಸುವಾತನೇ ಆ ಜೀವಿ. ಅವನ ಲಕ್ಷಣ ನಿರೂಪಣೆಯೇ ಈ ಪ್ರಬಂಧದ ಪ್ರಯೋಜನ.

ಪದವಿಚಾರ

‘ಶಾತೋ’ ಲ್ಯಾಟಿನ್ನಿನ ‘ಕಾಸ್ಟೆಲ್ಲುಂ’ನಿಂದ, ಅಂದರೆ ಕೋಟೆಯಿಂದ ಬಂತೆನ್ನುತ್ತಾರೆ ನಿಘಂಟುಕಾರರು. ನಮ್ಮ ಮತ ಬೇರೆ. ಅದು ‘ಶಾಂತ’ದ ತದ್ಭವ, ನಡುವಿನ ಸೊನ್ನೆ ಜಾರಿದೆ. ಜಾರಿದ ಸೊನ್ನೆ ಎಲ್ಲಿ ಹೋಯಿತೆಂದು ಕೇಳುವವರು ಕ್ರಯಪತ್ರದಲ್ಲಿ ಬೆಲೆಯ ಬಲತುದಿಯನ್ನು ನೋಡತಕ್ಕದ್ದು. ನಾವು ಗಾಳಿಗೋಪುರ ಕಟ್ಟುವಾಗ ಫ್ರೆಂಚರು ‘ಸ್ಪೇನಿನಲ್ಲಿ ಶಾತೋ’ ಕಟ್ಟುತ್ತಾರೆ. ತಮ್ಮೂರಿನ ಶಾತೋದ ಚಾವಣಿ ಸೋರುವುದನ್ನು ಕಂಡವರೇ ಈ ನುಡಿಯನ್ನು ಗಡಿಯಾಚೆಗೆ ಸಾಗಿಸಿರಬೇಕು.

ಪೂರ್ವಪಕ್ಷ

‘ಗಾದೆ ಹೇಳಿದ್ದು ಕಟ್ಟುವವನಿಗೆ, ಕಟ್ಟಿದ್ದನ್ನು ಕೊಳ್ಳುವವನಿಗೇನು ಭಯ?’ ಇದು ದಲ್ಲಾಳಿ ಪಂಥದ ವಾದ.

ಖಂಡನೆ

ಆ ವಾದ ನಿಲ್ಲದು. ಹಳೆಯ ಕಟ್ಟಡ ಕೊಂಡವನು ಬೆಲೆಯ ಮೇಲೆ ಸುಮಾರು ನೂರಕ್ಕೆ 7–8ರಷ್ಟನ್ನು ತೆರಿಗೆ, ನೋಟರಿ ಬಾಬ್ತು ಎಂದು ತೆರಬೇಕು. ಇದು ಬರಿಯ ಮಂಗಳಾಚರಣೆ. ಚಾರಿತ್ರಿಕ ಸ್ಮಾರಕವೆಂದು ವರ್ಗೀಕರಿಸಿದ ಕಟ್ಟಡವಾದರೆ, ದುರಸ್ತಿಗೂ ಸರ್ಕಾರದ ಅಪ್ಪಣೆ ಬೇಕು. ಹೋಟೆಲಾದರೆ ಅಗ್ನಿಸುರಕ್ಷತೆಯ ನಿಯಮಗಳೂ ಬಂದವು. ಶತ್ರು ಒಳಗೆ ಬಾರದಂತೆ ಕಟ್ಟಿದ ಗೋಡೆಯಿಂದ ಅತಿಥಿಗಳು ಸರಾಗ ಹೊರಗೋಡಬೇಕೆಂದು ಒಂದು ಶಾಸ್ತ್ರ. ಆ ಗೋಡೆಗೆ ಉಳಿ ತಾಗಿಸಬಾರದೆಂದು ಇನ್ನೊಂದು ಶಾಸ್ತ್ರ. ಎರಡಕ್ಕೂ ಸಮನ್ವಯ ಹೇಳುವ ಹೊಣೆ ಮಾಲೀಕನದು. ಆದ್ದರಿಂದ ಕೊಂಡವನೂ ಕಟ್ಟುವವನೇ, ಮುಗಿಸುವ ಯೋಗ ಮಾತ್ರ ಅವನಿಗಿಲ್ಲ.

ವಿವಾಹಪ್ರಕರಣ

ಇಲ್ಲಿ ವೇದಾಂತ ಪ್ರವೇಶಿಸುತ್ತದೆ. 1792ರಿಂದ ಫ್ರಾನ್ಸಿನಲ್ಲಿ ಕಾನೂನು ಒಪ್ಪುವ ಮದುವೆ ನಾಗರಿಕ ವಿವಾಹವೊಂದೇ. ಅದು ನಡೆಯುವುದು ಊರಿನ ಮೇಯರ್ ಕಚೇರಿಯಲ್ಲಿ. ಪಾದ್ರಿಯ ಸರದಿ ಆಮೇಲೆ. ವಧೂವರರಲ್ಲಿ ಒಬ್ಬರಾದರೂ, ಇಲ್ಲವೇ ಅವರ ತಂದೆತಾಯಿಯಾದರೂ, ಆ ಊರಿನವರಾಗಿರಬೇಕು ಅಥವಾ ತಿಂಗಳಾದರೂ ಅಲ್ಲಿ ನೆಲೆಸಿರಬೇಕು. ಹೀಗಾಗಿ ಹೊರದೇಶದ ಜೋಡಿಗಳು ಸಾಮಾನ್ಯವಾಗಿ ತಮ್ಮೂರಲ್ಲೇ ರಿಜಿಸ್ಟರ್ ಮಾಡಿಸಿಕೊಂಡು ಬಂದು ಶಾತೋದಲ್ಲಿ ಉಂಗುರ ಬದಲಿಸುತ್ತವೆ. ಹಗ್ಗದಲ್ಲಿ ಹಾವು ತೋರುವಂತೆ ಶಾತೋದಲ್ಲಿ ಮದುವೆ ತೋರುತ್ತದೆ. ಮದುವೆ ಮಿಥ್ಯೆ, ಊಟದ ಬಿಲ್ಲು ಸತ್ಯ.

ದೃಷ್ಟಾಂತಗಳು

ಒಂದು: ಮೊದಲನೆಯ ಫ್ರಾನ್ಸ್ವಾ ದೊರೆ 1519ರಲ್ಲಿ ಶಾಂಬೋರ್ ಶಾತೋ ಕಟ್ಟಿಸತೊಡಗಿದ. 426 ಕೋಣೆ, 282 ಅಗ್ಗಿಷ್ಟಿಕೆ, 77 ಮೆಟ್ಟಿಲಸಾಲು. 32 ವರ್ಷದ ಆಳ್ವಿಕೆಯಲ್ಲಿ ಅವನು ಅಲ್ಲಿ ತಂಗಿದ್ದು ಸುಮಾರು 72 ದಿನ. ಅಂದರೆ ಅಗ್ಗಿಷ್ಟಿಕೆಗೆ ಆರು ಗಂಟೆಯಷ್ಟು ವಾಸ. ಉಳಿದ ಕಾಲವೆಲ್ಲ ಅರಸ ಬುದ್ಧಿವಂತನಾಗಿದ್ದ.

ಎರಡು: ಹಣಕಾಸು ಮಂತ್ರಿ ನಿಕೊಲಾ ಫೂಕೆ ತನ್ನ ವೋ-ಲ-ವಿಕೋಂತ್ ಶಾತೋದಲ್ಲಿ 1661ರ ಆಗಸ್ಟ್ 17ರಂದು ಹದಿನಾಲ್ಕನೆಯ ಲೂಯಿಗೆ ಭರ್ಜರಿ ಔತಣವಿತ್ತ. ಹತ್ತೊಂಬತ್ತನೆಯ ದಿನ ಬಂಧನವಾಯಿತು, ಜೈಲಲ್ಲೇ ಸತ್ತ. ಉಂಡು ಹೋದ ಅತಿಥಿಯೇ ಆ ಶಾತೋದ ವಾಸ್ತುಶಿಲ್ಪಿ, ಚಿತ್ರಕಾರ, ತೋಟದ ವಿನ್ಯಾಸಕಾರ ಮೂವರನ್ನೂ ವರ್ಸಾಯಿಗೆ ಕರೆದೊಯ್ದ. ಗಿರಾಕಿಯ ತೃಪ್ತಿ ಅತಿಯಾಗಬಾರದೆಂಬ ಹೋಟೆಲ್ ಸೂತ್ರ ಇಲ್ಲಿಂದಲೇ ಸಿದ್ಧಿಸುತ್ತದೆ.

ಮೂರು: ಅದೇ ವೋ-ಲ-ವಿಕೋಂತ್‌ನಲ್ಲಿ 2004ರಲ್ಲಿ ಉಕ್ಕಿನ ಉದ್ಯಮಿ ಲಕ್ಷ್ಮಿ ಮಿತ್ತಲ್ ಮಗಳ ಮದುವೆಯ ಸಂಭ್ರಮ ನಡೆಸಿದರು. ನಡೆಸಿ, ಹೊರಟರು. ಕೊಳ್ಳಲಿಲ್ಲ. ಈ ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಭಾಷ್ಯ ಇನ್ನೂ ಬಂದಿಲ್ಲ.

ಸಿದ್ಧಾಂತ ಮತ್ತು ಫಲಶ್ರುತಿ

ಶಾತೋದಲ್ಲಿ ಸುಖಪಡಲು ಮಾರ್ಗ ಒಂದೇ: ಶನಿವಾರ ಬರುವುದು, ಭಾನುವಾರ ಹೊರಡುವುದು. ಇದನ್ನು ಓದಿದವನಿಗೆ ಕೊಳ್ಳುವ ಆಸೆ ಅಡಗುತ್ತದೆ. ಓದಿಯೂ ಅಡಗದವನಿಗೆ ಶಾತೋವೇ ಪ್ರಾಪ್ತವಾಗುತ್ತದೆ. ಭಾನುವಾರ ಮಧ್ಯಾಹ್ನ ಕೊನೆಯ ಕಾರು ಗೇಟು ದಾಟಿದಾಗ ಅದರೊಳಗೆ ಆ ಜಾರಿದ ಸೊನ್ನೆ ಕುಳಿತಿರುತ್ತದೆ. ಮಾಲೀಕ ಕೈ ಬೀಸಿ, ಏಣಿ ಹುಡುಕಲು ಹೋಗುತ್ತಾನೆ.